ಕಾಯಿಲು ಸರಿಯಿದೆ ಎಂದಿತು ಮೀಟರು!

ಬೀದರಿನಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರು. ಮೇ ತಿಂಗಳ ಒಂದು ಮಧ್ಯಾಹ್ನ ಈ ದಾರಿಯಲ್ಲಿ ನೀವು ಮೋಟಾರು ಸೈಕಲ್ಲಿನ ಮೇಲೆ ಹೊರಟಿದ್ದೀರಿ ಎಂದುಕೊಳ್ಳಿ. ಅರ್ಧ ದಾರಿ ಕಳೆಯುವಷ್ಟರಲ್ಲಿ ಎಂಜಿನ್ನು ಎರಡು ಬಾರಿ ಮುಗ್ಗರಿಸಿ ನಿಂತುಬಿಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲಿದೆ. ಎಷ್ಟು ಕಿಕ್ ಹೊಡೆದರೂ ಜೀವ ಬಾರದು. ಬೇವಿನ ಮರದ ನೆರಳಿನಲ್ಲಿ ಅರ್ಧ ಗಂಟೆ ಕುಳಿತು, ಬೇಸರದಿಂದ ಇನ್ನೊಮ್ಮೆ ಒದ್ದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಟುಬಿಡುತ್ತದೆ! ಭಾಲ್ಕಿಯ ಮೆಕ್ಯಾನಿಕ್ ಮೀಟರು ಹಿಡಿದು ನೋಡಿ, ‘ಕಾಯಿಲು ಸರಿಯಿದೆ ಸಾರ್’ ಎಂದು ಪ್ಲಗ್ಗು ಬದಲಾಯಿಸುತ್ತಾನೆ. ಮರುದಿನ ಮತ್ತೆ ಅದೇ ಕಥೆ. ಈ ಬಾರಿ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯಲಾಗುತ್ತದೆ. ಮೂರನೆಯ ದಿನ ಸಿ.ಡಿ.ಐ. ಪೆಟ್ಟಿಗೆ ಹೊಸದು. ನಾಲ್ಕನೆಯ ದಿನ ಗಾಡಿ ಮತ್ತೆ ಅದೇ ಬೇವಿನ ಮರದ ಹತ್ತಿರ!

ಇದು ಕಟ್ಟುಕಥೆಯಲ್ಲ, ನನ್ನದೇ ಗಾಡಿಯ ಕಥೆ. ಕೊನೆಗೆ ಕೆಟ್ಟಿದ್ದು ಏನು ಎಂದು ಕೇಳುತ್ತೀರಾ? ಕಾಯಿಲೇ. ಹಾಗಾದರೆ ಮೀಟರು ಸುಳ್ಳು ಹೇಳಿತೆ? ಇಲ್ಲ. ಕೇಳಿದ ಪ್ರಶ್ನೆಗೆ ಅದು ನಿಜವಾದ ಉತ್ತರವನ್ನೇ ಕೊಟ್ಟಿತ್ತು. ಕೇಳಬೇಕಾಗಿದ್ದ ಪ್ರಶ್ನೆ ಬೇರೆಯಾಗಿತ್ತು, ಅಷ್ಟೆ. ಭೌತಶಾಸ್ತ್ರ ಪಾಠ ಹೇಳುವವನಿಗೇ ಇದು ಹೊಳೆಯಲು ನಾಲ್ಕು ದಿನ ಹಿಡಿಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇಂದು ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರು ಔರಾದಿನ ಸಣ್ಣ ಗ್ಯಾರೇಜಿನಲ್ಲೂ ಇದೆ, ರೈತರ ಮನೆಯಲ್ಲೂ ಇದೆ. ಅದರಿಂದ ಸುರುಳಿಗಳನ್ನು ಪರೀಕ್ಷಿಸುವುದು ಹೇಗೆ, ಅದರ ಮಾತನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ಡಬ್ಬಿಯೊಳಗಿನ ಎರಡು ಸುರುಳಿಗಳು

ಪೆಟ್ರೋಲ್ ಎಂಜಿನ್ನಿನ ಇಗ್ನಿಷನ್ ಕಾಯಿಲಿನೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿರುತ್ತವೆ. ದಪ್ಪ ತಂತಿಯ ಕೆಲವು ನೂರು ಸುತ್ತುಗಳದು ಪ್ರಾಥಮಿಕ ಸುರುಳಿ. ಕೂದಲೆಳೆಯಂಥ ತಂತಿಯ ಹಲವು ಸಾವಿರ ಸುತ್ತುಗಳದು ದ್ವಿತೀಯಕ ಸುರುಳಿ. ಪ್ರಾಥಮಿಕದಲ್ಲಿ ಹರಿಯುತ್ತಿರುವ ಪ್ರವಾಹವನ್ನು ಹಠಾತ್ತನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ; ಆ ಬದಲಾವಣೆ ಎರಡೂ ಸುರುಳಿಗಳಲ್ಲಿ ವೋಲ್ಟೇಜನ್ನು ಪ್ರೇರಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವ ಇದೇ. ಪ್ರಾಥಮಿಕದಲ್ಲಿ 200 ವೋಲ್ಟು ಹುಟ್ಟಿದರೆ, ದ್ವಿತೀಯಕದಲ್ಲಿ ಸುತ್ತುಗಳು ನೂರು ಪಟ್ಟು ಇರುವುದರಿಂದ ಅಲ್ಲಿ 20,000 ವೋಲ್ಟು. ಬ್ಯಾಟರಿ, ಕಾಯಿಲು, ಪಾಯಿಂಟುಗಳ ಈ ವ್ಯವಸ್ಥೆಯನ್ನು ಕಾರಿಗೆ ಅಳವಡಿಸಿ ಜನಪ್ರಿಯಗೊಳಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಅದು ಬಂತು.

ಸುರುಳಿಯ ರೋಧ ಎಷ್ಟಿರಬೇಕು? ಶಾಲೆಯಲ್ಲಿ ಕಲಿತ ಸೂತ್ರವೇ ಸಾಕು: ತಾಮ್ರದ ರೋಧಶೀಲತೆಯನ್ನು ತಂತಿಯ ಉದ್ದದಿಂದ ಗುಣಿಸಿ, ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಬೇಕು. ಹಳೆಯ ಕಾರಿನ ಕಾಯಿಲಿನ ಮಾದರಿಯೊಂದನ್ನು ಊಹಿಸಿಕೊಳ್ಳಿ. ಪ್ರಾಥಮಿಕದಲ್ಲಿ 0.5 ಮಿ.ಮೀ. ವ್ಯಾಸದ ತಂತಿಯ 200 ಸುತ್ತು, ಒಂದು ಸುತ್ತಿಗೆ ಸರಾಸರಿ 8 ಸೆಂ.ಮೀ. ಒಟ್ಟು ಉದ್ದ 16 ಮೀಟರು, ರೋಧ 1.4 ಓಮ್. ದ್ವಿತೀಯಕದಲ್ಲಿ 0.06 ಮಿ.ಮೀ. ತಂತಿಯ 20,000 ಸುತ್ತು, ಸುತ್ತಿಗೆ 6 ಸೆಂ.ಮೀ. ಒಟ್ಟು 1,200 ಮೀಟರು. ಅಂಗೈಯಲ್ಲಿ ಹಿಡಿಯುವ ಡಬ್ಬಿಯಲ್ಲಿ ಒಂದು ಕಿಲೋಮೀಟರಿಗೂ ಮಿಕ್ಕಿದ ತಂತಿ! ಅದರ ರೋಧ ಸುಮಾರು 7,300 ಓಮ್. ಈ ಎರಡು ಅಂಕಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಎಲ್ಲ ಗಾಡಿಗಳಿಗೂ ಇದೇ ಅಂಕಿ ಹೊಂದುವುದಿಲ್ಲ. ಪಾಯಿಂಟು ಇರುವ ಹಳೆಯ ಕಾರು, ಜೀಪುಗಳ 12 ವೋಲ್ಟಿನ ಕಾಯಿಲಿನಲ್ಲಿ ಪ್ರಾಥಮಿಕ ಸಾಮಾನ್ಯವಾಗಿ 3 ಓಮ್‌ನ ಆಸುಪಾಸು. ಹೊರಗೆ ಬ್ಯಾಲಾಸ್ಟ್ ರೋಧಕ ಇದ್ದರೆ ಅದರ ಅರ್ಧ. ಸಿ.ಡಿ.ಐ. ಇರುವ ಮೋಟಾರು ಸೈಕಲ್ಲುಗಳಲ್ಲಿ ಪ್ರಾಥಮಿಕ ಒಂದು ಓಮ್‌ಗೂ ಕಡಿಮೆ. ಇದನ್ನು ಕಂಡು ‘ಶಾರ್ಟ್ ಆಗಿದೆ’ ಎಂದು ಒಳ್ಳೆಯ ಕಾಯಿಲನ್ನು ಎಸೆದವರಿದ್ದಾರೆ. ವ್ಯತ್ಯಾಸಕ್ಕೆ ಕಾರಣವಿದೆ. ಪಾಯಿಂಟಿನ ವ್ಯವಸ್ಥೆಯಲ್ಲಿ ಶಕ್ತಿ ಕಾಯಿಲಿನಲ್ಲೇ, ಕಾಂತಕ್ಷೇತ್ರದ ರೂಪದಲ್ಲಿ, ಕೂಡುತ್ತದೆ: ಪ್ರೇರಕತೆ 6 ಮಿಲಿಹೆನ್ರಿ, ಪ್ರವಾಹ 3 ಆಂಪಿಯರ್ ಇದ್ದರೆ 27 ಮಿಲಿಜೂಲ್. ಅಷ್ಟು ಹೊತ್ತು ಪ್ರವಾಹ ಹರಿಯುವಾಗ ಅದನ್ನು ಮಿತಿಯಲ್ಲಿಡಲು ರೋಧ ಬೇಕು. ಸಿ.ಡಿ.ಐ.ಯಲ್ಲಾದರೋ ಶಕ್ತಿ ಕೂಡುವುದು ಸಂಧಾರಕದಲ್ಲಿ: 1 ಮೈಕ್ರೋಫ್ಯಾರಡ್, 200 ವೋಲ್ಟು ಎಂದರೆ 20 ಮಿಲಿಜೂಲ್. ಕಾಯಿಲು ಅದನ್ನು ಕ್ಷಣಮಾತ್ರದಲ್ಲಿ ಎತ್ತರದ ವೋಲ್ಟೇಜಿಗೆ ಏರಿಸುವ ಟ್ರಾನ್ಸ್‌ಫಾರ್ಮರ್ ಮಾತ್ರ. ರೋಧ ಕಡಿಮೆಯಿದ್ದಷ್ಟೂ ಒಳ್ಳೆಯದು. ಆದುದರಿಂದ ಯಾವ ಅಂಕಿ ಸರಿ ಎಂಬುದಕ್ಕೆ ಆ ಮಾದರಿಯ ಸರ್ವಿಸ್ ಪುಸ್ತಕವೇ ಪ್ರಮಾಣ. ಪುಸ್ತಕ ಸಿಗದಿದ್ದರೆ ಅದೇ ಮಾದರಿಯ, ಸರಿಯಾಗಿ ಓಡುತ್ತಿರುವ ಇನ್ನೊಂದು ಗಾಡಿಯ ಕಾಯಿಲು.

ಅಳೆಯುವಾಗ

ಪ್ಲಗ್ಗಿಗೆ ಹೋಗುವ ದಪ್ಪ ತಂತಿಯನ್ನೂ ಉಳಿದ ತಂತಿಗಳನ್ನೂ ಬಿಡಿಸಿ, ಕಾಯಿಲನ್ನು ಒಂಟಿಯಾಗಿಸಿಯೇ ಅಳೆಯಬೇಕು. ಇಲ್ಲದಿದ್ದರೆ ಮೀಟರಿನ ಪ್ರವಾಹ ಬೇರೆ ಯಾವುದೋ ದಾರಿ ಹಿಡಿಯುತ್ತದೆ. ಅನೇಕ ಮೋಟಾರು ಸೈಕಲ್ಲುಗಳ ಕಾಯಿಲಿಗೆ ಒಂದೇ ಟರ್ಮಿನಲ್ ಇರುತ್ತದೆ. ಇನ್ನೊಂದು ತುದಿ ಕಾಯಿಲಿನ ಕಬ್ಬಿಣದ ಚೌಕಟ್ಟೇ. ಅಲ್ಲಿ ತುಕ್ಕಿದ್ದರೆ ಕೆರೆದು ಮೀಟರಿನ ಮೊನೆ ಒತ್ತಿ.

ಅಗ್ಗದ ಮೀಟರಿನ 200 ಓಮ್ ವ್ಯಾಪ್ತಿಯಲ್ಲಿ ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ನೋಡಿ. ಸೊನ್ನೆಗೆ ಬದಲು 0.3 ಎಂದೋ 0.4 ಎಂದೋ ತೋರಿಸುತ್ತದೆ. ಅದು ಮೀಟರಿನ ತಂತಿಗಳದ್ದೇ ರೋಧ. ಕಾಯಿಲಿಗೆ ಹಚ್ಚಿದಾಗ 0.7 ಬಂದರೆ ಕಾಯಿಲಿನದು 0.4. ಕೊನೆಯ ಅಂಕಿಯೇ ಒಂದೆರಡು ಆಚೀಚೆ ಆಗಬಹುದಾದ ಈ ಮೀಟರಿನಲ್ಲಿ ಸಿ.ಡಿ.ಐ. ಕಾಯಿಲಿನ ಪ್ರಾಥಮಿಕ ‘ಕಡಿದಿಲ್ಲ’ ಎಂದಷ್ಟೇ ಹೇಳಬಹುದು. ಅದಕ್ಕಿಂತ ಹೆಚ್ಚನ್ನು ಹೇಳುವುದು ಸಾಹಸ.

ಇನ್ನೂ ನಿಖರವಾಗಿ ತಿಳಿಯಬೇಕೆ? ಓಮ್‌ನ ನಿಯಮವನ್ನೇ ನೇರವಾಗಿ ಬಳಸಿ. 12 ವೋಲ್ಟಿನ ಬ್ಯಾಟರಿ, ಶ್ರೇಣಿಯಲ್ಲಿ 21 ವಾಟಿನ ಇಂಡಿಕೇಟರ್ ಬಲ್ಬು, ಆಂಪಿಯರ್ ಮಾಪಕ ಮತ್ತು ಪ್ರಾಥಮಿಕ ಸುರುಳಿ. ಪ್ರವಾಹ 1.6 ಆಂಪಿಯರ್ ಇದ್ದು, ಸುರುಳಿಯ ಎರಡು ತುದಿಗಳ ಮೇಲೇ ಬೇರೊಂದು ಮೀಟರು ಹಚ್ಚಿ ನೋಡಿದಾಗ 0.64 ವೋಲ್ಟು ಬಂದರೆ ರೋಧ 0.40 ಓಮ್. ಇಲ್ಲಿ ತಂತಿಗಳ ರೋಧ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಒಂದು ಎಚ್ಚರಿಕೆ: ಬ್ಯಾಟರಿಯ ತಂತಿ ಬಿಡಿಸಿದ ಕ್ಷಣ ನೀವು ಪಾಯಿಂಟಿನ ಕೆಲಸವನ್ನೇ ಮಾಡಿದಂತಾಗುತ್ತದೆ. ದ್ವಿತೀಯಕದ ತುದಿಯನ್ನು ಮೊದಲೇ ಕಾಯಿಲಿನ ಚೌಕಟ್ಟಿಗೆ ಜೋಡಿಸಿಟ್ಟಿರಿ, ಕೈ ದೂರವಿರಲಿ.

ದ್ವಿತೀಯಕವನ್ನು 20 ಕಿಲೋ ಓಮ್ ವ್ಯಾಪ್ತಿಯಲ್ಲಿ ಅಳೆಯಬೇಕು. ಇಲ್ಲಿ ತೊಂದರೆ ಕೊಡುವುದು ನಮ್ಮ ಬೆರಳು. ಎರಡೂ ಮೊನೆಗಳನ್ನು ಬೆರಳಿನಿಂದ ಒತ್ತಿ ಹಿಡಿದರೆ ದೇಹವೂ ಸಮಾಂತರವಾಗಿ ಸೇರುತ್ತದೆ. ಬೆವರಿದ ಕೈಗಳ ನಡುವೆ 100 ಕಿಲೋ ಓಮ್ ಇದೆಯೆಂದರೆ 7.3 ಇರಬೇಕಾದ ಕಡೆ 6.8 ಎಂದು ಕಾಣಿಸುತ್ತದೆ. ಪ್ಲಗ್ಗಿನ ತಲೆಗೆ ಸಿಕ್ಕಿಸುವ ಟೋಪಿಯೊಳಗೆ ರೇಡಿಯೋ ಗೊಂದಲ ತಡೆಯಲು 5 ಕಿಲೋ ಓಮ್‌ನ ರೋಧಕ ಇರುವುದೂ ಉಂಟು. ಅದನ್ನು ಸೇರಿಸಿ ಅಳೆದರೆ 12.3. ಆ ರೋಧಕವೇ ಕಡಿದಿದ್ದರೆ ಮೀಟರು ‘ಅನಂತ’ ಎನ್ನುತ್ತದೆ. ಕೆಲವು ರೂಪಾಯಿಯ ಟೋಪಿಯ ತಪ್ಪಿಗೆ ಕಾಯಿಲು ಶಿಕ್ಷೆ ಅನುಭವಿಸುತ್ತದೆ. ಟೋಪಿಯನ್ನು ತಿರುಗಿಸಿ ಬಿಚ್ಚಿ, ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ.

ಪ್ಲಗ್ಗಿನ ಮೇಲೆಯೇ ಕೂರುವ ಈಚಿನ ಕಾರುಗಳ ಕಾಯಿಲುಗಳಲ್ಲಿ ಒಳಗೇ ಟ್ರಾನ್ಸಿಸ್ಟರು, ಕೆಲವಲ್ಲಿ ಡಯೋಡು ಇರುತ್ತವೆ. ಅಲ್ಲಿ ಓಮ್ ಮೀಟರಿನ ಅಂಕಿಗೆ ಅರ್ಥವಿಲ್ಲ.

ತಾಮ್ರಕ್ಕೂ ಬಿಸಿಲು ತಾಗುತ್ತದೆ

ಪುಸ್ತಕದ ಅಂಕಿಗಳು ಸಾಮಾನ್ಯವಾಗಿ 20° ಸೆ. ತಾಪಕ್ಕೆ ಹೇಳಿದವು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು ಏರುತ್ತದೆ. ಬೀದರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಅಪರೂಪವಲ್ಲ. ಬಿಸಿಲಿಗೆ ನಿಂತ ಗಾಡಿಯ ಕಾಯಿಲು 45 ಡಿಗ್ರಿ ಇದ್ದರೆ 1.40 ಓಮ್ ಇದ್ದದ್ದು 1.54 ಆಗುತ್ತದೆ, 7,300 ಇದ್ದದ್ದು 8,000 ದಾಟುತ್ತದೆ. ಎಂಜಿನ್ನಿನ ಝಳಕ್ಕೆ 80 ಡಿಗ್ರಿಗೆ ಏರಿದರೆ ಪ್ರಾಥಮಿಕ 1.73 ಓಮ್. ಇವೆಲ್ಲ ಒಳ್ಳೆಯ ಕಾಯಿಲಿನ ಅಂಕಿಗಳೇ.

ಇದನ್ನೇ ತಿರುವುಹಾಕಿದರೆ ಸುರುಳಿಯೇ ಉಷ್ಣತಾಮಾಪಕವಾಗುತ್ತದೆ. ಮೋಟಾರಿನ ಸುರುಳಿಯ ಒಳಗೆ ಥರ್ಮಾಮೀಟರು ಇಡುವುದು ಕಷ್ಟ. ಬೆಳಗ್ಗೆ 30 ಡಿಗ್ರಿಯಲ್ಲಿ 6.0 ಓಮ್ ಇದ್ದ ಸುರುಳಿ, ಎರಡು ಗಂಟೆ ಓಡಿಸಿ ನಿಲ್ಲಿಸಿದ ತಕ್ಷಣ 7.2 ಓಮ್ ತೋರಿಸಿತೆನ್ನಿ. ತಾಪಕ್ಕೆ 234.5 ಕೂಡಿಸಿದ ಮೊತ್ತ ರೋಧದ ಅನುಪಾತದಲ್ಲೇ ಏರುತ್ತದೆ ಎಂಬುದು ತಾಮ್ರದ ನಿಯಮ. 264.5ನ್ನು 1.2ರಿಂದ ಗುಣಿಸಿ 234.5 ಕಳೆದರೆ ಸುಮಾರು 83° ಸೆ. ಮೋಟಾರು ಕಾರ್ಖಾನೆಗಳ ಪ್ರಯೋಗಾಲಯಗಳು ಅನುಸರಿಸುವುದೂ ಇದೇ ವಿಧಾನ.

ಮೀಟರಿಗೆ ಕಾಣದ್ದು

ಈಗ ನನ್ನ ಗಾಡಿಯ ಸಂಗತಿಗೆ ಬರೋಣ. ಹಳೆಯ ಕಾಯಿಲನ್ನು ಪ್ರಯೋಗಾಲಯಕ್ಕೆ ತಂದು ಮೀಟರಿಗೆ ಹಚ್ಚಿ, ಮೇಜಿನ ಮೇಲಿಟ್ಟು ಬಿಸಿಗಾಳಿ ಊದುತ್ತ ಕುಳಿತೆವು. ದ್ವಿತೀಯಕದ ಅಂಕಿ ನಿಧಾನವಾಗಿ, ಲೆಕ್ಕದಂತೆಯೇ, ಏರುತ್ತ ಹೋಯಿತು. ಕಾಯಿಲು ಕೈಯಿಂದ ಮುಟ್ಟಲಾಗದಷ್ಟು ಬಿಸಿಯಾದಾಗ ಒಮ್ಮೆಲೇ ‘1’ ಎಂದು ತೋರಿಸಿತು. ತಂತಿ ಕಡಿದಿದೆ ಎಂದರ್ಥ. ಊದುವುದನ್ನು ನಿಲ್ಲಿಸಿ ಕಾಯ್ದರೆ ಮತ್ತೆ ಹಳೆಯ ಅಂಕಿ! ತಂತಿಯೋ ಬೆಸುಗೆಯೋ ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿತ್ತು. ತಣ್ಣಗಿರುವಾಗ ಬಿರುಕಿನ ಎರಡು ದಡಗಳು ಒಂದನ್ನೊಂದು ಮುಟ್ಟಿಕೊಂಡಿದ್ದವು. ಸುತ್ತಲಿನ ರಾಳ ತಾಮ್ರಕ್ಕಿಂತ ಹೆಚ್ಚು ಹಿಗ್ಗುವುದರಿಂದ ಬಿಸಿಯಾದಾಗ ಅವು ಬೇರ್ಪಡುತ್ತಿದ್ದವು. ಬೇವಿನ ನೆರಳಿನ ಅರ್ಧ ಗಂಟೆ ಮಾಡುತ್ತಿದ್ದ ರಿಪೇರಿ ಇದೇ. ಗ್ಯಾರೇಜು ಮುಟ್ಟಿ, ಸರದಿ ಬಂದು, ಮೀಟರು ಹಚ್ಚುವ ವೇಳೆಗೆ ಕಾಯಿಲು ತಣ್ಣಗಾಗಿ ಸಾಧುವಾಗಿರುತ್ತಿತ್ತು. ‘ಬಿಸಿಯಾದಾಗ ನಿಲ್ಲುತ್ತದೆ’ ಎಂಬ ದೂರಿದ್ದರೆ ಬಿಸಿಯಿರುವಾಗಲೇ ಅಳೆಯಬೇಕು. ಗಾಡಿ ನಿಂತ ಜಾಗದಲ್ಲೇ ಅಳೆದರೆ ಅತ್ಯುತ್ತಮ. ಅಂದಿನಿಂದ ಮೀಟರೊಂದು ನನ್ನ ಗಾಡಿಯ ಪೆಟ್ಟಿಗೆಯಲ್ಲೇ ಇರುತ್ತದೆ.

ಕಡಿದ ತಂತಿಯನ್ನು ಹೇಗೋ ಹಿಡಿಯಬಹುದು. ಒಂದಕ್ಕೊಂದು ಅಂಟಿಕೊಂಡ ಸುತ್ತುಗಳನ್ನು ಹಿಡಿಯುವುದು ಇನ್ನೂ ಕಷ್ಟ. ತಂತಿಯ ಮೇಲಿನ ಅವಾಹಕ ಲೇಪ ಸುಟ್ಟು, ದ್ವಿತೀಯಕದ 20,000 ಸುತ್ತುಗಳಲ್ಲಿ 50 ಸುತ್ತು ತಮ್ಮೊಳಗೇ ಶಾರ್ಟ್ ಆದವೆನ್ನಿ. 7,300 ಓಮ್‌ನಲ್ಲಿ ಕಡಿಮೆಯಾಗುವುದು 18 ಓಮ್, ಅಂದರೆ ಶೇಕಡಾ 0.25. ತಾಪ ಮುಕ್ಕಾಲು ಡಿಗ್ರಿ ಬದಲಾದರೂ ರೋಧ ಅದಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತದೆ! ಯಾವ ಅಗ್ಗದ ಮೀಟರಿಗೂ ಇದು ಕಾಣದು. ಆದರೆ ಕಿಡಿ ಹಾರುವ ಕ್ಷಣದಲ್ಲಿ ನಡೆಯುವುದೇನು? ಒಟ್ಟು 20,000 ವೋಲ್ಟು ಎಂದರೆ ಸುತ್ತಿಗೆ ಒಂದು ವೋಲ್ಟು. 18 ಓಮ್‌ನ ಆ ಮುಚ್ಚಿದ ಕುಣಿಕೆಯಲ್ಲಿ 50 ವೋಲ್ಟು ಹುಟ್ಟಿ, ಎರಡೂವರೆ ಆಂಪಿಯರಿಗೂ ಹೆಚ್ಚು ಪ್ರವಾಹ ಹರಿಯಲು ಹವಣಿಸುತ್ತದೆ. ಕೂಡಿಟ್ಟದ್ದು ಇಪ್ಪತ್ತು ಚಿಲ್ಲರೆ ಮಿಲಿಜೂಲ್ ಮಾತ್ರ. ಅದು ಕಿಡಿಯಾಗುವ ಮೊದಲೇ ಕುಣಿಕೆಯಲ್ಲಿ ಶಾಖವಾಗಿ ಸೋರತೊಡಗುತ್ತದೆ. ವೋಲ್ಟೇಜು ಏರಬೇಕಾದಷ್ಟು ಏರುವುದಿಲ್ಲ.

ಮೂರನೆಯ ಬಗೆಯ ದೋಷ ಅವಾಹಕದ್ದು. ಮೀಟರು ಸುರುಳಿಗೆ ಕೊಡುವುದು ಹೆಚ್ಚೆಂದರೆ ಕೆಲವು ವೋಲ್ಟು. ಸುರುಳಿ ಕೆಲಸ ಮಾಡುವುದು ಸಾವಿರಾರು ವೋಲ್ಟಿನಲ್ಲಿ. ಕಾಯಿಲಿನ ಮೈಮೇಲೆ ಕೂದಲಿನಷ್ಟು ಸಣ್ಣ ಬಿರುಕಿದ್ದು, ಮಳೆಗಾಲದಲ್ಲಿ ಅದರೊಳಗೆ ತೇವ ಸೇರಿದರೆ 15,000 ವೋಲ್ಟಿಗೆ ಅದೇ ರಾಜಮಾರ್ಗ. ಮೂರು ವೋಲ್ಟಿಗೆ ಅದು ಕಾಣುವುದೇ ಇಲ್ಲ. ಕತ್ತಲಲ್ಲಿ ಎಂಜಿನ್ನು ಓಡಿಸಿ ನೋಡಿದರೆ ಕಾಯಿಲಿನ ಮೈಮೇಲೆ ನೀಲಿ ಮಿಂಚು ಹರಿದಾಡುವುದು ಕಾಣಬಹುದು. ಬರಿಗಣ್ಣೇ ಇಲ್ಲಿ ಮೀಟರಿಗಿಂತ ಮೇಲು.

‘ಪ್ಲಗ್ಗು ಬಿಚ್ಚಿ ಎಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಬರುತ್ತದಲ್ಲ?’ ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ಹೊರಗೆ. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಒಂದು ಮಿಲಿಮೀಟರು ಅಂತರಕ್ಕೆ ಸುಮಾರು 3,000 ವೋಲ್ಟು ಸಾಕು. ಸಿಲಿಂಡರಿನೊಳಗೆ ಅದೇ ಅಂತರದಲ್ಲಿ ಒತ್ತಿ ತುಂಬಿದ ಅನಿಲವಿದೆ. ಅಣುಗಳು ದಟ್ಟವಾದಷ್ಟೂ ಕಿಡಿ ದಾಟಲು ಹೆಚ್ಚು ವೋಲ್ಟೇಜು ಬೇಕು. ಫ್ರೀಡ್ರಿಶ್ ಪಾಶೆನ್ 1889ರಲ್ಲಿ ಪ್ರಕಟಿಸಿದ ನಿಯಮ ಇದನ್ನೇ ಹೇಳುತ್ತದೆ. ಹೊರಗೆ 4,000 ವೋಲ್ಟಿನಲ್ಲಿ ಚಂದವಾಗಿ ಕಿಡಿ ಹಾರಿಸುವ ದುರ್ಬಲ ಕಾಯಿಲು ಒಳಗೆ ಸೋಲುತ್ತದೆ. ಆದ್ದರಿಂದ ಪರೀಕ್ಷೆಯ ಅಂತರವನ್ನು 6 ಮಿ.ಮೀ.ನಷ್ಟು ಇಟ್ಟು ನೋಡುವುದು ಸರಿಯಾದ ಕ್ರಮ. ಅದನ್ನು ದಾಟಿ ಬಂದ ನೀಲಿ ಕಿಡಿ ನಂಬಿಕೆಗೆ ಅರ್ಹ. ಪೆಟ್ರೋಲಿನ ಆವಿ ಸುತ್ತಮುತ್ತ ಇರಬಾರದು ಎಂದು ಬೇರೆ ಹೇಳಬೇಕಿಲ್ಲ.

ಕೊಳವೆಬಾವಿಯ ಕೆಳಗಿನ ಸುರುಳಿ

ಗಾಡಿಯ ಕಾಯಿಲು ಕೆಟ್ಟರೆ ಒಂದು ದಿನ ಹಾಳು. ಭಾಲ್ಕಿ, ಔರಾದ ತಾಲ್ಲೂಕುಗಳ ಕಪ್ಪು ಮಣ್ಣಿನ ಹೊಲದಲ್ಲಿ ಕಬ್ಬು ಬಾಡುತ್ತಿರುವಾಗ ಬೋರಿನ ಮೋಟಾರು ನಿಂತರೆ ಅದು ವರ್ಷದ ಮಾತು. ಕಾರಂಜಾ ಜಲಾಶಯದ ನೀರು ಎಲ್ಲ ಹೊಲಗಳಿಗೂ ಮುಟ್ಟುವುದಿಲ್ಲ. ಉಳಿದವರಿಗೆ ಬೋರೇ ಗತಿ. ನೂರಾರು ಅಡಿ ಆಳದಿಂದ ಪೈಪು, ಕೇಬಲ್ಲು, ಮೋಟಾರು ಎತ್ತಿಸಲು ಕೂಲಿ ಕೊಡಬೇಕು. ಎತ್ತಿದ ಮೇಲೆ ‘ಮೋಟಾರು ಸರಿಯಿದೆ, ಸ್ಟಾರ್ಟರಿನದ್ದೇ ದೋಷ’ ಎಂದು ತಿಳಿದರೆ ಹೊಟ್ಟೆ ಉರಿಯದೆ ಇರುತ್ತದೆಯೆ? ಎತ್ತುವ ಮೊದಲು ಮೇಲೆಯೇ ನಿಂತು ಮೀಟರಿನಿಂದ ಐದು ನಿಮಿಷದಲ್ಲಿ ತಿಳಿಯಬಹುದಾದ್ದು ಬಹಳವಿದೆ. ಇಗ್ನಿಷನ್ ಕಾಯಿಲಿನಲ್ಲಿ ಸೋತ ಮೀಟರು ಇಲ್ಲಿ ಗೆಲ್ಲುತ್ತದೆ. ಕಾರಣ, ಮೂರು ಫೇಸಿನ ಮೋಟಾರಿನೊಳಗೆ ಒಂದೇ ತರಹದ ಮೂರು ಸುರುಳಿಗಳಿವೆ. ಒಂದನ್ನು ಇನ್ನೊಂದರೊಡನೆ ಹೋಲಿಸಬಹುದು. ಮೂರೂ ಒಂದೇ ತಾಪದಲ್ಲಿರುವುದರಿಂದ ಬೇಸಿಗೆ ಚಳಿಗಾಲಗಳ ಗೊಡವೆಯಿಲ್ಲ, ಪುಸ್ತಕವೂ ಬೇಕಿಲ್ಲ.

ಮೊದಲು ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಜು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಮೂರು ಫೇಸಿನ ವಿದ್ಯುತ್ತು ದಿನದಲ್ಲಿ ಕೆಲವೇ ಗಂಟೆ, ಒಮ್ಮೊಮ್ಮೆ ನಡುರಾತ್ರಿ ಬರುವುದರಿಂದ ರೈತರು ಸ್ಟಾರ್ಟರಿಗೆ ಆಟೋ ಸ್ವಿಚ್ ಜೋಡಿಸಿರುತ್ತಾರೆ. ಕರೆಂಟು ಬಂದೊಡನೆ ಮೋಟಾರು ತಾನಾಗಿಯೇ ಹೊರಡುತ್ತದೆ. ನಿಮ್ಮ ಕೈ ಟರ್ಮಿನಲ್ಲಿನ ಮೇಲಿದೆಯೆಂದು ಅದಕ್ಕೆ ಗೊತ್ತಿಲ್ಲ. ಟೆಸ್ಟರಿನಿಂದ ಎರಡೆರಡು ಬಾರಿ ನೋಡಿಕೊಂಡು, ಮೋಟಾರಿಗೆ ಹೋಗುವ ಮೂರು ತಂತಿಗಳನ್ನು ಸ್ಟಾರ್ಟರಿನಿಂದ ಬಿಡಿಸಿ, ಆಮೇಲೆ ಜೋಡಿ ಜೋಡಿಯಾಗಿ ಅಳೆಯಿರಿ.

5 ಅಶ್ವಶಕ್ತಿಯ ಒಂದು ಮೋಟಾರಿನಲ್ಲಿ ಯಾವ ಎರಡು ತುದಿಗಳ ನಡುವೆಯೂ 4 ಓಮ್ ಇದೆಯೆಂದು ಇಟ್ಟುಕೊಳ್ಳಿ. ಮೇಲೆ ನಿಂತು ಅಳೆದರೆ 4 ಬರುವುದಿಲ್ಲ, ಕೇಬಲ್ಲಿನದೂ ಸೇರುತ್ತದೆ. 4 ಚದರ ಮಿ.ಮೀ. ತಾಮ್ರದ ಕೇಬಲ್ಲು 150 ಮೀಟರು ಇಳಿದಿದ್ದರೆ ಒಂದು ತಂತಿಗೆ 0.65, ಹೋಗಿ ಬರುವ ಎರಡಕ್ಕೆ 1.3. ಅಂದರೆ ಮೂರು ಜೋಡಿಗಳೂ 5.3 ತೋರಿಸಬೇಕು. ಶೇಕಡಾ ಎರಡು ಮೂರರ ವ್ಯತ್ಯಾಸ ಮೀಟರಿನದ್ದೇ ಇರಬಹುದು.

ಕೆಂಪು–ಹಳದಿ 5.3, ಹಳದಿ–ನೀಲಿ 7.3, ನೀಲಿ–ಕೆಂಪು 7.3 ಬಂದರೆ? ಹೆಚ್ಚು ತೋರಿದ ಎರಡೂ ಜೋಡಿಯಲ್ಲಿ ನೀಲಿ ಇದೆ. ನೀಲಿ ತಂತಿಯ ದಾರಿಯಲ್ಲಿ ಎಲ್ಲೋ 2 ಓಮ್ ಹೆಚ್ಚಾಗಿದೆ. ಬಹುಪಾಲು ಅದು ಸುರುಳಿಯ ದೋಷವಲ್ಲ, ಕೇಬಲ್ಲಿನ ಜೋಡಣೆ ಸಡಿಲವಾಗಿಯೋ ಕಿಲುಬು ಹಿಡಿದೋ ಆದದ್ದು. ಎರಡು ಜೋಡಿ ‘ಅನಂತ’ ತೋರಿ, ಒಂದು ಮಾತ್ರ 5.3 ಇದ್ದರೆ ಆ ಎರಡರಲ್ಲೂ ಇರುವ ತಂತಿ ಕಡಿದಿದೆ, ಇಲ್ಲವೇ ಸ್ಟಾರ್ ಜೋಡಣೆಯ ಆ ಸುರುಳಿ ಕಡಿದಿದೆ. ಇವೆರಡರಲ್ಲಿ ಯಾವುದು ಎಂಬುದು ಮೇಲಿನಿಂದ ತಿಳಿಯದು, ಎತ್ತಲೇಬೇಕು. ಡೆಲ್ಟಾ ಜೋಡಣೆಯಾದರೆ ಚಿತ್ರ ಬೇರೆ. ಹೊರಗೆ 4 ಓಮ್ ಕಾಣಬೇಕಾದರೆ ಒಳಗಿನ ಪ್ರತಿ ಸುರುಳಿ 6 ಓಮ್ ಇರುತ್ತದೆ. ಒಂದು ಕಡಿದರೆ ಅದರ ತುದಿಗಳ ನಡುವೆ ಉಳಿದೆರಡು ಶ್ರೇಣಿಯಲ್ಲಿ ಸೇರಿ 12, ಮಿಕ್ಕ ಜೋಡಿಗಳಲ್ಲಿ 6 ಮತ್ತು 6. ಕೇಬಲ್ಲು ಕೂಡಿಸಿ 13.3, 7.3, 7.3. ಇಂಥ ಅಂಕಿ ಕಂಡರೆ ದೋಷ ಮೋಟಾರಿನೊಳಗೇ ಇದೆ ಎಂದು ಧೈರ್ಯವಾಗಿ ಹೇಳಬಹುದು.

ಒಂದು ಜೋಡಿ 5.3ರ ಬದಲು 4.6 ತೋರಿದರೆ ಸುತ್ತುಗಳು ಅಂಟಿಕೊಂಡಿವೆ ಎಂದು ಶಂಕಿಸಿ. ಮೋಟಾರಿನಲ್ಲಿ ಸುತ್ತುಗಳು ಕೆಲವು ನೂರು ಮಾತ್ರವಾದ್ದರಿಂದ ಸುಟ್ಟ ಭಾಗ ದೊಡ್ಡದಿದ್ದರೆ ಮೀಟರಿಗೂ ಕಾಣುತ್ತದೆ. ಒಂದೆರಡು ಸುತ್ತು ಮಾತ್ರ ಅಂಟಿದ್ದರೆ ಇಲ್ಲಿಯೂ ಕಾಣದು.

ಮೋಟಾರು ಮೇಲೆ ಬಂದು, ವೈಂಡಿಂಗ್ ಅಂಗಡಿಯಲ್ಲಿ ಬಿಚ್ಚುವಾಗ ರೈತರು ಎದುರಿಗೆ ನಿಂತು ನೋಡುವುದು ಒಳ್ಳೆಯದು. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಮೂರು ಸುರುಳಿಗಳಲ್ಲಿ ಎರಡು ಕಪ್ಪಾಗಿ ಒಂದು ಹೊಸದರಂತಿದ್ದರೆ ಒಂದು ಫೇಸು ಹೋದ ಮೇಲೂ ಮೋಟಾರು ಓಡಿದೆ ಎಂದರ್ಥ. ಡೆಲ್ಟಾದಲ್ಲಿ ಸುಡುವುದು ಮುಖ್ಯವಾಗಿ ಒಂದೇ. ಮೂರೂ ಸಮನಾಗಿ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿತ್ತು ಅಥವಾ ವೋಲ್ಟೇಜು ಇಳಿದು ಪ್ರವಾಹ ಏರಿತ್ತು. ಕಾರಣ ತಿಳಿಯದೆ ಸುತ್ತಿಸಿ ಇಳಿಸಿದರೆ ಅದೇ ಮೋಟಾರು ಅದೇ ಬೆಳೆಗೆ ಇನ್ನೊಮ್ಮೆ ಸುಡುತ್ತದೆ.

ಮನೆಯ ಸಿಂಗಲ್ ಫೇಸ್ ಪಂಪು, ಸೀಲಿಂಗ್ ಫ್ಯಾನುಗಳಲ್ಲಿ ಹೊರಬರುವ ಮೂರು ತಂತಿಗಳಲ್ಲೂ ಒಂದು ಸೊಗಸಾದ ಲೆಕ್ಕವಿದೆ. ಮೂರು ಜೋಡಿಗಳಲ್ಲಿ ಎರಡು ಸಣ್ಣ ಅಂಕಿಗಳ ಮೊತ್ತ ದೊಡ್ಡದಕ್ಕೆ ಸಮನಾಗಿರಬೇಕು: 3, 9, 12. ರನ್ನಿಂಗ್ ಮತ್ತು ಸ್ಟಾರ್ಟಿಂಗ್ ಸುರುಳಿಗಳು ಒಂದು ತುದಿಯಲ್ಲಿ ಸೇರಿರುವುದೇ ಇದಕ್ಕೆ ಕಾರಣ. ಲೆಕ್ಕ ಕೂಡದಿದ್ದರೆ ಒಳಗೆ ಎರಡು ಸುರುಳಿಗಳು ನಡುವೆ ಎಲ್ಲೋ ಮುಟ್ಟಿಕೊಂಡಿವೆ.

ಬಲ್ಬು ಉರಿಯದಿದ್ದರೆ ಸಾಕೆ?

ಸುರುಳಿಯಿಂದ ಮೋಟಾರಿನ ಮೈಗೆ ಕರೆಂಟು ಸೋರುತ್ತಿದೆಯೆ ಎಂಬುದು ಕೊನೆಯ ಪ್ರಶ್ನೆ. ಜೀವದ ಪ್ರಶ್ನೆಯೂ ಹೌದು. ನೀರು ತುಂಬಿದ ಮೋಟಾರಿನಲ್ಲಿ ತಂತಿಗೂ ನೀರಿಗೂ ನಡುವೆ ಇರುವುದು ಪ್ಲಾಸ್ಟಿಕ್ಕಿನ ತೆಳು ಹೊದಿಕೆ ಮಾತ್ರ.

ವೈಂಡಿಂಗ್ ಅಂಗಡಿಗಳಲ್ಲಿ ಇದಕ್ಕೆ ಸೀರೀಸ್ ಬಲ್ಬು ಬಳಸುವ ರೂಢಿಯಿದೆ. ಫೇಸಿನಿಂದ 40 ವಾಟಿನ ಬಲ್ಬಿನ ಮೂಲಕ ಸುರುಳಿಗೆ ತಂತಿ, ಮೋಟಾರಿನ ಮೈಗೆ ಇನ್ನೊಂದು. ಬಲ್ಬು ಉರಿದರೆ ಶಾರ್ಟು, ಉರಿಯದಿದ್ದರೆ ‘ಪಾಸ್’. ಔರಾದಿನ ಕಡೆಯ ವಿದ್ಯಾರ್ಥಿಯೊಬ್ಬ ತರಗತಿಯಲ್ಲಿ ನನ್ನನ್ನು ಕೇಳಿದ್ದ: ‘ಸರ್, ನಮ್ಮ ಕಾಕಾ ಹಿಂಗೇ ನೋಡ್ತಾರ. ಬಲ್ಬ್ ಹತ್ತಲಿಲ್ಲ ಅಂದ್ರ ಸಾಕಲ್ಲ?’ ಬೋರ್ಡಿನ ಮೇಲೆಯೇ ಲೆಕ್ಕ ಹಾಕಿದೆವು. 240 ವೋಲ್ಟಿನಲ್ಲಿ ಈ ಬಲ್ಬು ಪೂರ್ಣವಾಗಿ ಉರಿಯಲು 167 ಮಿಲಿಆಂಪಿಯರ್ ಬೇಕು. ಸುರುಳಿಯಿಂದ ಮೈಗೆ 10,000 ಓಮ್‌ನ ಸೋರಿಕೆ ಇದೆಯೆನ್ನಿ. ಹರಿಯುವುದು 24 ಮಿಲಿಆಂಪಿಯರ್. ಅಷ್ಟಕ್ಕೆ ಬಲ್ಬಿನ ತಂತು ಕೆಂಪಗೂ ಆಗದು, ಮೋಟಾರು ‘ಪಾಸ್’! ಅದೇ ಮೋಟಾರಿಗೆ ಅರ್ತಿಂಗ್ ಸರಿಯಿಲ್ಲದಿರುವಾಗ ಹಸಿ ಕೈಯ ಮನುಷ್ಯ ಪೈಪು ಮುಟ್ಟಿದರೆ, ಅವನ ದೇಹದ 1,500 ಓಮ್ ಸೇರಿಯೂ 21 ಮಿಲಿಆಂಪಿಯರ್ ಅವನ ಮೂಲಕ ಹರಿಯುತ್ತದೆ. ಹಿಡಿದ ಕೈ ಬಿಡಲಾಗದಂತೆ ಸ್ನಾಯುಗಳು ಬಿಗಿದುಕೊಳ್ಳಲು ಸಾಮಾನ್ಯವಾಗಿ ಇಷ್ಟು ಸಾಕು. ಹುಡುಗ ಆ ದಿನ ಮತ್ತೇನೂ ಕೇಳಲಿಲ್ಲ.

ಓಮ್ ಮೀಟರು ಬಲ್ಬಿಗಿಂತ ಮೇಲು. 10,000 ಓಮ್‌ನ ಸೋರಿಕೆಯನ್ನು ಅದು ತಕ್ಷಣ ತೋರಿಸುತ್ತದೆ. ಹಾಗೆ ನೋಡುವಾಗ ಯಾರಿಗೂ ಶಾಕ್ ಹೊಡೆಯುವ ಭಯವೂ ಇಲ್ಲ. ಸುರುಳಿಯ ಯಾವುದಾದರೂ ತುದಿಗೂ ಮೋಟಾರಿನ ಮೈಗೂ (ಮೋಟಾರು ಬೋರಿನಲ್ಲಿದ್ದರೆ ಕಬ್ಬಿಣದ ಪೈಪಿಗೋ ಅರ್ತಿಂಗ್ ತಂತಿಗೋ) ಮೀಟರು ಹಚ್ಚಿದಾಗ ಅತಿ ಹೆಚ್ಚಿನ ವ್ಯಾಪ್ತಿಯಲ್ಲೂ ಅಂಕಿ ಕಾಣಬಾರದು. ಅಂಕಿ ಕಂಡರೆ ಮೋಟಾರನ್ನು ಓಡಿಸಬೇಡಿ. ಅಂಕಿ ಕಾಣದಿದ್ದರೆ ಮಾತು ಮುಗಿಯಿತೆಂದಲ್ಲ, ಕಾಯಿಲಿನಲ್ಲಿ ಕಂಡ ಕಥೆಯೇ ಇಲ್ಲಿಯೂ ಇದೆ. ಮೂರು ವೋಲ್ಟಿಗೆ ಬಿಗಿಯಾಗಿರುವ ಹೊದಿಕೆ 415 ವೋಲ್ಟಿಗೆ ಬಾಯಿ ಬಿಡಬಹುದು.

ಅದಕ್ಕಾಗಿಯೇ ಇರುವುದು ಮೆಗ್ಗರ್. ಕೈಯಿಂದ ತಿರುಗಿಸುವ ಹಳೆಯದಾಗಲಿ ಬ್ಯಾಟರಿಯ ಹೊಸದಾಗಲಿ, ಅದು 500 ವೋಲ್ಟು ಕೊಟ್ಟು ರೋಧವನ್ನು ಮೆಗಾ ಓಮ್‌ನಲ್ಲಿ ತೋರಿಸುತ್ತದೆ. 415 ವೋಲ್ಟಿನ ಮೋಟಾರಿಗೆ ಒಂದು ಮೆಗಾ ಓಮ್ ಕನಿಷ್ಠ ಎಂಬುದು ಹಳೆಯ ರೂಢಿ. ಒಳ್ಳೆಯ ಹೊಸ ಮೋಟಾರು ಅದರ ಹತ್ತಾರು ನೂರಾರು ಪಟ್ಟು ತೋರಿಸುತ್ತದೆ. ಮೋಟಾರು ಇಳಿಸಿದ ದಿನದ ಅಂಕಿಯನ್ನು ಸ್ಟಾರ್ಟರ್ ಡಬ್ಬಿಯ ಮುಚ್ಚಳದ ಒಳಗೆ ಬರೆದಿಡಿ. ಮುಂದಿನ ವರ್ಷ 100 ಇದ್ದದ್ದು 5ಕ್ಕೆ ಇಳಿದಿದ್ದರೆ, ಇನ್ನೂ ‘ಪಾಸ್’ ಆಗುತ್ತಿದ್ದರೂ, ಬೆಳೆಯ ನಡುವೆ ಕೈಕೊಡುವ ಮೊದಲೇ ಎತ್ತಿಸಿ ಜೋಡಣೆಗಳನ್ನು ನೋಡಿಸಬಹುದು. ಮೆಗ್ಗರನ್ನು ಒಂದು ನಿಮಿಷ ಬಿಡದೆ ತಿರುಗಿಸಿದ ಮೇಲೆ ಅಂಕಿ ಓದಬೇಕು. ಉದ್ದನೆಯ ಕೇಬಲ್ಲು ಸಂಧಾರಕದಂತೆ ಆವೇಶ ಹಿಡಿದಿಟ್ಟುಕೊಂಡಿರುತ್ತದೆ. ಅಂಕಿ ಓದಿದ ನಂತರ ಮೂರೂ ತಂತಿಗಳನ್ನು ಅರ್ತಿಂಗ್ ತಂತಿಗೆ ತಾಗಿಸಿ, ಆ ಮೇಲೆ ಕೈಯಿಂದ ಮುಟ್ಟಿ.